ಮನೆಮನೆಗೆ ಹೋಗಿ ಹೇಳಿದ್ದು

"ನಿಮ್ಮ ತಂದೆಯ ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡರು?"

ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಕೇಳಿದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರ ನವೆಂಬರ್ ತಿಂಗಳು. ನನಗಾಗ 41. ಎಡಗಡೆ ಸ್ತನದ ಗಡ್ಡೆಗೆ ಕೀಮೋ ಅರ್ಧ ಮುಗಿದಿತ್ತು. ತಲೆಗೆ ಹತ್ತಿಬಟ್ಟೆ ಕಟ್ಟಿಕೊಂಡು ಶಿವಮೊಗ್ಗದಿಂದ ಬೆಳಗಿನ ಬಸ್ಸು ಹತ್ತಿ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವು ಇಳಿದು ಕರಾವಳಿಯ ಆಸ್ಪತ್ರೆಗೆ ಹೋಗಿದ್ದೆ. ನನ್ನದು ಟ್ರಿಪಲ್ ನೆಗೆಟಿವ್, ಅಂದರೆ ಸಾಮಾನ್ಯವಾಗಿ ಪರೀಕ್ಷಿಸುವ ಮೂರು ಗುರುತುಗಳಲ್ಲಿ ಒಂದೂ ಇಲ್ಲದ ಜಾತಿಯ ಗಡ್ಡೆ, ಅದೂ 45 ತುಂಬುವ ಮೊದಲೇ ಬಂದದ್ದು. ಈ ಎರಡು ಕಾರಣಕ್ಕೆ ಜೀನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಅಲ್ಲಿನ ವೈದ್ಯರು ಹೇಳಿದ್ದರು. ಊರಿನಲ್ಲಿ ನನ್ನನ್ನು ಮೊದಲು ನೋಡಿದ ವೈದ್ಯರು ಮನೆತನದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಕೌನ್ಸೆಲರ್ ಎದುರಿಗೆ ಒಂದು ಬಿಳಿ ಹಾಳೆ ಇತ್ತು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಹೋದವರ ಮೇಲೆ ಓರೆಗೆರೆ. ಕ್ಯಾನ್ಸರ್ ಬಂದವರದ್ದಾದರೆ ಒಳಗೆಲ್ಲ ಕಪ್ಪು. ನನ್ನ ವೃತ್ತವನ್ನು ಕಪ್ಪು ಮಾಡಿ ಪಕ್ಕದಲ್ಲೊಂದು ಬಾಣ ಎಳೆದರು. ಅಪ್ಪಯ್ಯನ ತಂಗಿ, ನನ್ನ ಅತ್ತೆ, 46ನೇ ವಯಸ್ಸಿಗೆ ಸ್ತನ ಕ್ಯಾನ್ಸರಿನಿಂದ ಹೋದದ್ದು ಗೊತ್ತಿತ್ತು, ಹೇಳಿದೆ. ಅಜ್ಜಿಯದ್ದು ಬಂದಾಗ "ಹೊಟ್ಟೆನೋವು ಅಂತ ಕೇಳಿದ್ದೀನಿ" ಅಂದೆ. ಆ ವೃತ್ತದ ಕೆಳಗೆ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಊರಲ್ಲಿ ವಿಚಾರಿಸಿ ನೋಡಿ. ಅಪ್ಪನ ಕಡೆಯವರದ್ದನ್ನ ಹೆಚ್ಚಿನವರು ಹೇಳೋದೇ ಮರೀತಾರೆ" ಅಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮೆಂಡಲನ ಬಟಾಣಿ ಗಿಡ, ಎತ್ತರ, ಗಿಡ್ಡ, ಇವನ್ನೆಲ್ಲ ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೂ ಎದೆಯ ಕ್ಯಾನ್ಸರ್ ಅಂದರೆ ಅಮ್ಮನಿಂದ ಮಗಳಿಗೆ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಅಮ್ಮನ ಕಡೆ ಯಾರಿಗೂ ಇಲ್ಲ, ಹಾಗಾಗಿ ಇದು ವಂಶದ್ದಲ್ಲ ಎಂದುಕೊಂಡಿದ್ದೆ. ಅಪ್ಪಯ್ಯ ಎಂಬ ಚೌಕದ ಮೂಲಕ ಇದು ಸದ್ದಿಲ್ಲದೆ ದಾಟಿ ಬರಬಹುದೆಂದು ಹೊಳೆದಿರಲಿಲ್ಲ.

ಅಪ್ಪಯ್ಯನನ್ನು ಕೇಳಿದೆ. "ಅವ್ವನಿಗೆ ಹೊಟ್ಟೆನೋವು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ವಿ" ಅಂದರು, ಅಷ್ಟೆ. ಚಿಕ್ಕಪ್ಪಯ್ಯನಿಗೆ ಅಷ್ಟೂ ಗೊತ್ತಿರಲಿಲ್ಲ. ಹೇಳಿದವರು ದೊಡ್ಡಮ್ಮ.

ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಮನೆಯಲ್ಲಿ ಆಗ ಅಡಿಕೆಯ ಕೊನೆಕೊಯ್ಲು ನಡೆದಿತ್ತು. ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಡಿ ದೊಡ್ಡಮ್ಮ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ಕೀಮೋದಿಂದ ಬೆರಳ ತುದಿ ಜೋಮು ಹಿಡಿದಿದ್ದರಿಂದ ನನ್ನ ಕೈಗೆ ಕತ್ತಿ ಕೊಡಲಿಲ್ಲ.

"ನಿಮ್ಮಪ್ಪಯ್ಯನಿಗೆ ಎಂತ ಗೊತ್ತು ಮಾರಾಯ್ತಿ? ಅವ್ರೆಲ್ಲ ಜಗಲಿಲಿ ಕೂತಿರ್ತಿದ್ರು. ಸೀರೆ ಬದಲಾಯಿಸಿದ್ದು ನಾನು" ಅಂದರು. 1981ರ ಮಳೆಗಾಲವಂತೆ. ಅಜ್ಜಿಯ ಹೊಟ್ಟೆ ಬಸುರಿಯದ್ದರ ಹಾಗೆ ಉಬ್ಬಿ, ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಎರಡು ಸಲ ಶಿವಮೊಗ್ಗದಲ್ಲಿ ಸೂಜಿ ಹಾಕಿ ನೀರು ತೆಗೆಸಿಕೊಂಡು ಬಂದರು. ಮೂರನೇ ಸಲಕ್ಕೆ ಅಜ್ಜಿಯೇ ಬೇಡ ಅಂದರು. "ಗರ್ಭಕೋಶದ ಹತ್ರ ಗಡ್ಡೆ ಅಂತ ದಾಕ್ಟ್ರು ನನಗೆ ಹೇಳಿದ್ರು. ಗಂಡಸರ ಹತ್ರ ಅದನ್ನೆಲ್ಲ ಹೇಗೆ ಹೇಳೋದು? ಹೊಟ್ಟೆನೋವು ಅಂದೆ." ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ ಮತ್ತೆ ಹೇಳಿದರು: "ಕೊಪ್ಪದಲ್ಲಿ ಅವರ ತಂಗಿ ಒಬ್ರಿದ್ರಲ್ಲ, ಅವ್ರಿಗೆ ಎದೆಲಿ ಹುಣ್ಣು. ಬಚ್ಚಲಲ್ಲಿ ನನಗೆ ತೋರ್ಸಿದ್ರು. ಬೇರೆ ಯಾರಿಗೂ ತೋರ್ಸಿಲ್ಲ."

ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರ ಕಾಯಿಲೆಯ ಚರಿತ್ರೆ ಸೊಸೆಯಂದಿರ ಹತ್ತಿರ ಉಳಿದಿರುತ್ತದೆ ಎಂದು ಅವತ್ತು ತಿಳಿಯಿತು. ಹೆತ್ತ ಮಕ್ಕಳಿಗೆ ಗೊತ್ತಿಲ್ಲದ್ದು ಆರೈಕೆ ಮಾಡಿದ ಸೊಸೆಗೆ ಗೊತ್ತು. ಮನೆತನದ ವಿಷಯ ವಿಚಾರಿಸುವವರು ದಯವಿಟ್ಟು ಮೊದಲು ಅವರನ್ನು ಕೇಳಿ. ಮುಂದಿನ ಸಲ ಹೋದಾಗ ಕೌನ್ಸೆಲರ್ ಇನ್ನೂ ಎರಡು ವೃತ್ತ ಕಪ್ಪು ಮಾಡಿದರು.

ಪರೀಕ್ಷೆ ಎಂದರೆ ನೇರಳೆ ಮುಚ್ಚಳದ ಒಂದು ಸಣ್ಣ ಟ್ಯೂಬಿನಲ್ಲಿ ರಕ್ತ, ಅಷ್ಟೇ. ನನಗೆ 18 ಸಾವಿರ ರೂಪಾಯಿ ಹಿಡಿಯಿತು. ಮೂರು ವಾರ ಬಿಟ್ಟು ವರದಿ ಬಂತು: ಬಿಆರ್‌ಸಿಎ1 ಜೀನಿನಲ್ಲಿ ಎರಡು ಅಕ್ಷರ, ಎ ಮತ್ತು ಜಿ, ಬಿಟ್ಟುಹೋಗಿವೆ. ಅದರ ಮುಂದೆ "ಪ್ಯಾಥೋಜೆನಿಕ್", ಅಂದರೆ ರೋಗಕಾರಕ ಬದಲಾವಣೆ, ಎಂದು ಬರೆದಿತ್ತು.

ಈ ಜೀನ್ ಎಲ್ಲರಲ್ಲೂ ಇದೆ, ಗಂಡಸರಲ್ಲೂ ಹೆಂಗಸರಲ್ಲೂ. ಜೀವಕೋಶದೊಳಗೆ ಡಿಎನ್ಎ ತುಂಡಾದಾಗ ಅದನ್ನು ರಿಪೇರಿ ಮಾಡುವುದು ಇದರ ಕೆಲಸ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ನನಗೆ ಬಂದ ಒಂದು ಪ್ರತಿ ಕೆಟ್ಟಿದೆ. ವಂಶದಲ್ಲಿ ಬರುವುದು ಕ್ಯಾನ್ಸರ್ ಅಲ್ಲ, ಅದು ಬರುವ ಸಾಧ್ಯತೆ. ಆ ಸಾಧ್ಯತೆ ಸಣ್ಣದಲ್ಲ. ಕೆಟ್ಟ ಬಿಆರ್‌ಸಿಎ1 ಇರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಜನರಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್, ಸುಮಾರು 44 ಜನರಿಗೆ ಅಂಡಾಶಯದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಇರುವವರ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ದಾಟುವ ಸಂಭವ ಅರ್ಧಕ್ಕರ್ಧ.

ಎರಡು ಅಕ್ಷರ ಹೋದರೆ ಅಷ್ಟೆಲ್ಲ ಆಗುವುದು ಹೇಗೆ ಎಂದು ನನ್ನ ತಮ್ಮ ಕೇಳಿದ. ಜೀವಕೋಶ ಡಿಎನ್ಎಯನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಅವನಿಗೆ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಟ್ಟೆ: "ಅಡಿಕೆ ಸುಲಿದು ಬೇಯಿಸಿ ಹರವಿ." ಮೂರು ಮೂರು ಅಕ್ಷರದ ನಾಲ್ಕು ಮಾತು, ಕೆಲಸ ಮಾಡಬೇಕಾದವನಿಗೆ ಪೂರ್ತಿ ಅರ್ಥವಾಗುತ್ತದೆ. ಮೊದಲನೇ ಮಾತಿನಿಂದ "ಡಿ", "ಕೆ" ಎರಡನ್ನು ಹೊಡೆದುಹಾಕಿ ಮತ್ತೆ ಮೂರು ಮೂರಾಗಿ ಓದು ಅಂದೆ. "ಅಸುಲಿ ದುಬೇಯಿ ಸಿಹರ ವಿ." ತಪ್ಪಾದದ್ದು ಒಂದೇ ಕಡೆ, ಕೆಟ್ಟದ್ದು ಅಲ್ಲಿಂದ ಮುಂದೆ ಇರುವುದೆಲ್ಲ. ಆ ಚೀಟಿಯನ್ನು ಆಮೇಲೆ ಎಷ್ಟೋ ಮನೆಯಲ್ಲಿ ಬರೆದು ತೋರಿಸಿದೆ. ಅಡಿಕೆ ಗೊತ್ತಿರುವ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಇದು ಯಾವ ಕಡೆಯಿಂದ ಬಂದದ್ದು ಎಂದು ಖಚಿತವಾದರೆ ಉಳಿದವರಿಗೆ ಹೇಳುವುದು ಸುಲಭ ಎಂದರು ಕೌನ್ಸೆಲರ್. ಅಪ್ಪಯ್ಯ ಮರುಮಾತಿಲ್ಲದೆ ತೋಳು ಚಾಚಿದರು. ಈ ಸಲ ಖರ್ಚು 4 ಸಾವಿರ ಚಿಲ್ಲರೆ. ನನ್ನ ವರದಿ ಕೈಯಲ್ಲಿದ್ದುದರಿಂದ ಲ್ಯಾಬಿನವರು ಪುಸ್ತಕವಿಡೀ ಹುಡುಕಬೇಕಿರಲಿಲ್ಲ, ಆ ಒಂದು ಸಾಲು ನೋಡಿದರೆ ಸಾಕಿತ್ತು. ಕಾಯಿಲೆ ಬಂದವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಅವರಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಬಳಗದವರಿಗೆ ಇದೆ ಅಥವಾ ಇಲ್ಲ ಎಂಬ ಸ್ಪಷ್ಟ ಉತ್ತರ ಸಿಗುತ್ತದೆ.

ಅಪ್ಪಯ್ಯನಿಗೆ ಇತ್ತು.

ಅವರು ವರದಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಜಗಲಿಯಲ್ಲಿ ಕೂತರು. ತೋಟದ ಕಡೆ ನೋಡುತ್ತಾ, "ಇದನ್ನ ನಾನು ನಿನಗೆ ಕೊಟ್ಟಿದ್ದಾ?" ಅಂದರು. ಆಮೇಲೆ ಎರಡು ದಿನ ಮಾತಿಲ್ಲ, ಸರಿಯಾಗಿ ಊಟವಿಲ್ಲ. ಮೂರನೇ ದಿನ ಪಕ್ಕದಲ್ಲಿ ಕೂತು ಕೇಳಿದೆ, "ಅಪ್ಪಯ್ಯ, ಅಜ್ಜಿ ನಿಮಗೆ ಇದನ್ನ ಕೊಟ್ಟರು ಅಂತ ಅವರನ್ನ ಬೈಯ್ತೀರಾ?"

"ಅವಳಿಗೆ ಎಂತ ಗೊತ್ತಿತ್ತು, ಪಾಪ."

"ನಿಮಗೂ ಗೊತ್ತಿರಲಿಲ್ಲ."

ಅವರು ತುಂಬ ಹೊತ್ತು ಸುಮ್ಮನಿದ್ದರು. ಕೊನೆಗೆ "ಈಗ ಗೊತ್ತಾಯ್ತಲ್ಲ" ಅಂದರು. ಅಲ್ಲಿಂದ ಮುಂದಿನ ಕೆಲಸ ನನ್ನೊಬ್ಬಳದಾಗಿ ಉಳಿಯಲಿಲ್ಲ.

ಅದಕ್ಕೂ ಮೊದಲು ನಾನೊಂದು ತಪ್ಪು ಮಾಡಿದ್ದೆ. ನನ್ನ ವರದಿ ಬಂದ ವಾರವೇ ಅದರ ಪಿಡಿಎಫನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಕೆಳಗೆ ಉದ್ದಕ್ಕೆ ಬರೆದು, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಿದ್ದೆ. ಇಬ್ಬರು ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು ಬೇಗ ಗುಣವಾಗಲಿ ಎಂದು ಹರಸಿದರು. ಮಾರನೇ ದಿನ ಬೆಳಿಗ್ಗೆ ಯಾರೋ ಶುಭೋದಯ ಹಾಕಿದರು, ಅದರ ಕೆಳಗೆ ಇನ್ನೊಬ್ಬರು. ನನ್ನ ವರದಿ ಮೇಲೆ ಸರಿದುಹೋಯಿತು. ಆಗ ತುಂಬ ನೋವಾಗಿತ್ತು. ಈಗ ಯೋಚಿಸಿದರೆ, ಆರು ಪುಟದ ಇಂಗ್ಲಿಷ್ ವರದಿಯನ್ನು ಮೊಬೈಲಿನಲ್ಲಿ ತೆರೆದು ನೋಡಿದವರು ಏನು ಮಾಡಬೇಕಿತ್ತು?

ದೊಡ್ಡಮ್ಮನೇ ಬೈದರು. "ಮದುವೆ ಕಾಗದ ಆದ್ರೆ ಮನೆಗೆ ಹೋಗ್ತೀಯ, ಕೂತು ಆಸರಿಗೆ ಕುಡಿದು ಕೈಗೆ ಕೊಡ್ತೀಯ. ಕಾಗದ ಅಂಚೆಲಿ ಬಂದ್ರೆ ಕರೆದಿದ್ದೇ ಅಲ್ಲ ಅಂತ ಸಿಟ್ಟು ಮಾಡ್ಕೊಳ್ಳೋ ಜನ ನಾವು. ಇಂಥಾ ವಿಷಯನ ಮೊಬೈಲಿಗೆ ಬಿಸಾಕಿದ್ರೆ ಯಾರು ತಗೋತಾರೆ ಹೇಳು?"

ಹಾಗಾಗಿ ಮದುವೆಗೆ ಕರೆಯುವ ಹಾಗೇ ಹೋಗುವುದೆಂದು ನಿಶ್ಚಯಿಸಿದೆವು, ಅಪ್ಪಯ್ಯ ಮತ್ತು ನಾನು. ಬಳಗದವರಿಗೆ ಕೊಡಲೆಂದು ಕೌನ್ಸೆಲರ್ ಒಂದು ಪತ್ರ ಕೊಟ್ಟಿದ್ದರು, ಜೀನಿನ ಹೆಸರು, ಬದಲಾವಣೆಯ ಗುರುತು, ಯಾರು ಯಾರು ಪರೀಕ್ಷೆ ಮಾಡಿಸಬಹುದು ಎಂದೆಲ್ಲ. ಅದನ್ನು ಕನ್ನಡಕ್ಕೆ ತರಲು ಕೂತಾಗ ಮೊದಲು "ವಂಶವಾಹಿಯ ದೋಷ" ಎಂದು ಬರೆದೆ. ಅಮ್ಮ ಓದಿದವರೇ, "ಹಾಗಾದ್ರೆ ನಾಗಬನಕ್ಕೆ ಏನಾದ್ರೂ ಮಾಡಿಸ್ಬೇಕಾ?" ಅಂದರು. ದೋಷ ಎಂದರೆ ನಮ್ಮಲ್ಲಿ ನಾಗದೋಷ, ಕುಜದೋಷ. ಯಾರೋ ಮಾಡಿದ ತಪ್ಪಿಗೆ ಯಾರೋ ಅನುಭವಿಸುವುದು, ಪ್ರಶ್ನೆ ಇಡಿಸಿ ಪರಿಹಾರ ಮಾಡಿಸುವುದು. ಆ ಪದ ತೆಗೆದೆ. "ವಂಶವಾಹಿ"ಯನ್ನೂ ತೆಗೆದು "ಜೀನ್" ಎಂದೆ. "ಜೀನಿನಲ್ಲಿ ಎರಡು ಅಕ್ಷರ ಬಿಟ್ಟುಹೋಗಿದೆ" ಎಂದು ಬರೆದೆ. ಆ ಒಂದು ಸಾಲಿಗೆ ಒಂದು ಸಂಜೆ ಹಿಡಿಯಿತು.

ಮೊದಲ ಮನೆ ಅತ್ತೆಯದ್ದು, ಹುಂಚ, ರಿಪ್ಪನ್‌ಪೇಟೆ ದಾಟಿ ಸಾಗರದ ಹತ್ತಿರ. ಮಾವ ಇದ್ದಾರೆ. ಅತ್ತೆಯ ಮಗ, ನಮ್ಮ ಭಾವ, ತೋಟ ನೋಡಿಕೊಳ್ಳುತ್ತಾರೆ, ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಅತ್ತೆಯ ಮಗಳು ಸಾಗರ ಪೇಟೆಯಲ್ಲಿದ್ದವಳು ನಾವು ಬರುತ್ತೇವೆಂದು ಬಂದಿದ್ದಳು. 2023ರ ಮೇ ತಿಂಗಳು, ಒಳಗೆ ಹಲಸಿನ ಹಣ್ಣಿನ ಕಡುಬು ಬೇಯುತ್ತಿತ್ತು.

ಅಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಕೂತ ಕೂಡಲೇ ಅಂಕಿಸಂಖ್ಯೆ ಶುರುಮಾಡಿದೆ, ನೂರಕ್ಕೆ 70, ನೂರಕ್ಕೆ 44 ಎಂದು. ಅತ್ತೆ ಮಗಳ ಮುಖ ಬಿಳಿಚಿಕೊಂಡಿತು. ಎದ್ದು ಒಳಗೆ ಹೋದಳು. ಹಿಂದೆಯೇ ಹೋದೆ. ಅಡುಗೆಮನೆಯ ಕಿಟಕಿ ಹಿಡಿದು ನಿಂತಿದ್ದಳು.

"ಅತ್ತಿಗೆ, ಅಮ್ಮ ಹೋಗಿ 19 ವರ್ಷ ಆಯ್ತು. ಆಗ ನನಗೂ 19. ಇದು ಆವಾಗಲೇ ಗೊತ್ತಿತ್ತಾ ಅವ್ರಿಗೆಲ್ಲ?"

ಸುಳ್ಳು ಹೇಳಲಾಗಲಿಲ್ಲ. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಮನೆತನಗಳ ಇಂಥದೇ ಚೌಕ-ವೃತ್ತಗಳನ್ನು ಬೆನ್ನುಹತ್ತಿ, ಈ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಎಂದು 1990ರಲ್ಲೇ ತೋರಿಸಿದ್ದರು. 1994ರಲ್ಲಿ ಜೀನ್ ಕೈಗೆ ಸಿಕ್ಕಿತು. ಅತ್ತೆಗೆ ಗಂಟು ಕಾಣಿಸಿದ್ದು 2002ರಲ್ಲಿ. "ಲೋಕಕ್ಕೆ ಗೊತ್ತಿತ್ತು, ನಮ್ಮ ತನಕ ಬಂದಿರಲಿಲ್ಲ" ಅಂದೆ. ಅವಳು ಅತ್ತಳು. ಅಮ್ಮನಿಗಾಗಿ ಅತ್ತದ್ದೋ ತನಗಾಗಿ ಅತ್ತದ್ದೋ, ನಾನು ಕೇಳಲಿಲ್ಲ. ಒಲೆಯ ಮೇಲಿನ ಕಡುಬು ಇಳಿಸಿದೆ.

ಅವತ್ತಿನಿಂದ ಮಾತು ಶುರುಮಾಡುವ ಕ್ರಮ ಬದಲಿಸಿದೆ. "ನನ್ನ ಕಾಯಿಲೆ ಬಗ್ಗೆ ನಿಮಗೂ ಸಂಬಂಧಪಟ್ಟ ಒಂದು ವಿಷಯ ಇದೆ. ಈಗ ಹೇಳಲಾ, ಇನ್ನೊಂದು ದಿನ ಬರಲಾ?" ಎಂದು ಕೇಳುವುದು. ಬೇಡ ಎಂದವರ ಮನೆಯಲ್ಲಿ ಕಾಫಿ ಕುಡಿದು, ಮಳೆ-ಬೆಳೆ ಮಾತಾಡಿ, ಪತ್ರ ಮೇಜಿನ ಮೇಲಿಟ್ಟು ಬರುವುದು. ಕೌನ್ಸೆಲರ್ ಇದನ್ನು ಮೊದಲೇ ಹೇಳಿದ್ದರು. ತಿಳಿದುಕೊಳ್ಳುವ ಹಕ್ಕಿನಷ್ಟೇ ತಿಳಿದುಕೊಳ್ಳದಿರುವ ಹಕ್ಕೂ ಇದೆ ಅಂದಿದ್ದರು. ಕ್ಯಾನ್ಸರ್ ಅನುಭವಿಸಿದವಳಿಗೆ ಅದನ್ನು ಒಪ್ಪುವುದು ಎಷ್ಟು ಕಷ್ಟವೆಂದು ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ.

ಅತ್ತೆ ಮಗಳು ಹದಿನೈದು ದಿನದಲ್ಲಿ ರಕ್ತ ಕೊಟ್ಟಳು. ಅವಳಿಗೆ ಇತ್ತು. ಸ್ತನಕ್ಕಾದರೆ ವರ್ಷಕ್ಕೊಮ್ಮೆ ಎಂಆರ್‌ಐ, ಮ್ಯಾಮೊಗ್ರಾಂ ಮಾಡಿಸುತ್ತಾ ಕಾಯಬಹುದು. ಅಂಡಾಶಯಕ್ಕೆ ಹಾಗೆ ನೆಚ್ಚಬಹುದಾದ ತಪಾಸಣೆ ಇಲ್ಲ. ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ ಹಬ್ಬಿರುತ್ತದೆ, ಅಜ್ಜಿಗೆ ಆದ ಹಾಗೆ. ಹಾಗಾಗಿ ಕೆಟ್ಟ ಬಿಆರ್‌ಸಿಎ1 ಇರುವವರಿಗೆ ಮಕ್ಕಳಾದ ಮೇಲೆ, 35ರಿಂದ 40ರ ನಡುವೆ, ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ಕೊಡುತ್ತಾರೆ. ಅವಳಿಗೆ 38, ಎರಡು ಮಕ್ಕಳು. ತೆಗೆಸಿದಳು. ನಾನೂ ಅದೇ ವರ್ಷ ತೆಗೆಸಿದೆ. ಒಮ್ಮೆಲೇ ಮುಟ್ಟು ನಿಂತು ರಾತ್ರಿಯೆಲ್ಲ ಮೈ ಬೆವರುವಾಗ ನಾವಿಬ್ಬರೂ ಎರಡು ಗಂಟೆಗೆ ಮೆಸೇಜ್ ಮಾಡಿಕೊಳ್ಳುತ್ತಿದ್ದೆವು. ಇದು ಹಗುರವಾದ ನಿರ್ಧಾರವಲ್ಲ, ಯಾರೂ ಯಾರಿಗೂ ಹಗುರವಾಗಿ ಹೇಳಬಾರದು.

ಭಾವ ಬೇಡ ಅಂದರು. ಅವರು ಕೊಟ್ಟ ಕಾರಣ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. "ಹಂದಿಗೋಡು ನಮ್ಮ ತಾಲೂಕಿನದ್ದೇ. ಆ ಊರಿಗೆ ಎಂತ ಆಯ್ತು ಅಂತ ನೋಡಿದ್ದೀವಿ" ಅಂದರು. 1970ರ ದಶಕದಲ್ಲಿ ಅಲ್ಲಿನ ಬಡ ಕುಟುಂಬಗಳಲ್ಲಿ ಸೊಂಟ, ಮಂಡಿ ಸವೆದು ನಡೆಯಲಾಗದ ಕಾಯಿಲೆ ಕಾಣಿಸಿತು. ಗದ್ದೆಯ ಏಡಿ ತಿಂದದ್ದಕ್ಕೆ, ಗದ್ದೆಗೆ ಹೊಡೆದ ಔಷಧಕ್ಕೆ ಎಂದೆಲ್ಲ ಮೊದಲು ಅನುಮಾನಪಟ್ಟರು. ಕೊನೆಗೆ ವಂಶಪಾರಂಪರ್ಯದ್ದು ಎಂದು ತಿಳಿಯಿತು. ಅಷ್ಟರಲ್ಲಿ ಊರಿನ ಹೆಸರೇ ಕಾಯಿಲೆಯ ಹೆಸರಾಗಿತ್ತು. "ನನಗಿಬ್ಬರು ಹೆಣ್ಣುಮಕ್ಕಳು. ನಾಳೆ ನಮ್ಮ ಮನೆ ಹೆಸರು ಹೇಳಿದ್ರೆ ಜನ ಎಂತ ಅಂತಾರೆ?"

ನಾನು ಗುಟ್ಟಾಗಿಡಬಹುದು ಅಂದೆ, ವರದಿ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಮಾತ್ರ ಕೊಡುತ್ತಾರೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಅವರ ಭಯ ಅಜ್ಞಾನದ್ದಾಗಿರಲಿಲ್ಲ, ಕಣ್ಣಾರೆ ಕಂಡದ್ದಾಗಿತ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ಅವರ ಹೆಂಡತಿ ಜಗಲಿಯಲ್ಲಿ ಬಿಟ್ಟ ಪತ್ರವನ್ನು ಎತ್ತಿ, ನಾಲ್ಕಾಗಿ ಮಡಚಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಕಂಡೆ.

ಉಳಿದ ಕೆಲವು ಮನೆ ಸಲೀಸಾಗಿ ಮುಗಿದವು. ದೊಡ್ಡಪ್ಪಯ್ಯ ಹೃದಯದ ತೊಂದರೆಯಿಂದ ಹಿಂದೆಯೇ ಹೋಗಿದ್ದಾರೆ. ಅವರ ಹಿರಿಮಗ ಪರೀಕ್ಷೆ ಮಾಡಿಸಿದ, ಇಲ್ಲ. ಕಿರಿಯವನು ಗಲ್ಫಿನಲ್ಲಿದ್ದಾನೆ, ಬಂದಾಗ ನೋಡೋಣ ಅಂದ. ಕೊಪ್ಪದ ಅಜ್ಜಿಯ ಮೊಮ್ಮಕ್ಕಳಿಗೆ ಪತ್ರ ಮುಟ್ಟಿಸಿದ್ದೇವೆ. ನನ್ನ ತಮ್ಮನಿಗೂ ಇಲ್ಲ. "ನಿನಗೆ ಬಂತು, ನನಗೆ ಬರ್ಲಿಲ್ಲ" ಎಂದು ಫೋನಿನಲ್ಲಿ ಅಂದವನು ಮುಂದೆ ಮಾತಾಡಲಾಗದೆ ಇಟ್ಟುಬಿಟ್ಟ. ಇಲ್ಲ ಎಂಬ ಉತ್ತರವೂ ಒಬ್ಬೊಬ್ಬರಿಗೆ ಭಾರವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳಿಗೆ ಈಗ 15. ಇದು ದೊಡ್ಡವರಾದ ಮೇಲೆ ಬರುವ ಕಾಯಿಲೆಯಾದ್ದರಿಂದ 18 ತುಂಬುವ ಮೊದಲು ಪರೀಕ್ಷೆ ಮಾಡುವುದಿಲ್ಲ. ಆಮೇಲೆ ಅವಳಿಷ್ಟ.

ಬಹಳ ಕಷ್ಟವಾದದ್ದು ಚಿಕ್ಕಪ್ಪಯ್ಯನ ಮನೆ. ನೌಕರಿಯಿಂದ ನಿವೃತ್ತರಾಗಿ ಶಿವಮೊಗ್ಗದ ವಿನೋಬನಗರದಲ್ಲಿದ್ದಾರೆ. ಒಬ್ಬಳೇ ಮಗಳು, 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ನಾವು ಹೋದಾಗ ನಿಶ್ಚಿತಾರ್ಥ ಮುಗಿದು ಹದಿನೈದು ದಿನವಾಗಿತ್ತು.

ಅಪ್ಪಯ್ಯ ತಮ್ಮ ವರದಿಯನ್ನು ಜೇಬಿನಿಂದ ತೆಗೆದು ತಮ್ಮನ ಮುಂದಿಟ್ಟರು. ಚಿಕ್ಕಪ್ಪಯ್ಯ ಓದಲಿಲ್ಲ. "ಅಣ್ಣಯ್ಯ, ಮದುವೆ ಮುಗಿಯೋ ತನಕ ಈ ಸುದ್ದಿ ಈ ಮನೇಲಿ ಬೇಡ" ಅಂದು, ನನ್ನ ಕಡೆ ತಿರುಗಿ, "ನೀನು ಅವಳಿಗೆ ಫೋನ್ ಮಾಡಿದ್ರೆ ನಮ್ಮನೆ ಮೆಟ್ಟಿಲು ಹತ್ತಬೇಡ" ಅಂದರು. ಚಿಕ್ಕಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ವಾಪಸ್ ಬರುವಾಗ ಆಟೋದಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಹುಡುಗಿ ವಯಸ್ಕಳು. ಅವಳ ಶರೀರ ಅವಳದ್ದು. ತಂದೆ ಬೇಡವೆಂದರೂ ನಾನು ಹೇಳಬೇಕಾ? ಹೇಳದಿದ್ದರೆ ಅತ್ತೆ ಮಗಳ ಪ್ರಶ್ನೆಯನ್ನು ಇವಳೂ ಮುಂದೊಂದು ದಿನ ಕೇಳುವುದಿಲ್ಲವಾ? ಹತ್ತು ದಿನ ಇದರಲ್ಲೇ ಕಳೆದು ಕೌನ್ಸೆಲರ್‌ಗೆ ಫೋನ್ ಮಾಡಿದೆ. ಅವರು ಬೇರೆಯೇ ದಾರಿ ತೋರಿಸಿದರು. "ಮಗಳ ಪರೀಕ್ಷೆಯ ಮಾತು ಬಿಡಿ. ನಿಮ್ಮ ಚಿಕ್ಕಪ್ಪನದ್ದನ್ನ ಮಾಡಿಸಿ. ಅವರಲ್ಲಿ ಇಲ್ಲ ಅಂದ್ರೆ ಅವರಿಂದ ಮಗಳಿಗೆ ಹೋಗೋಕೆ ಸಾಧ್ಯವೇ ಇಲ್ಲ. ಅಲ್ಲಿಗೆ ಮುಗೀತು." ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ ಎಂದರೆ, ನಾನೂ ಎಲ್ಲರ ಹಾಗೆ ಇದನ್ನು ಹೆಂಗಸರ ವಿಷಯವೆಂದೇ ಯೋಚಿಸುತ್ತಿದ್ದೆ.

ಅಪ್ಪಯ್ಯನೇ ಒಬ್ಬರೇ ಹೋಗಿ ತಮ್ಮನಿಗೆ ಇದನ್ನು ಹೇಳಿಬಂದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಆಗಸ್ಟಿನಲ್ಲಿ, ಆಶ್ಲೇಷ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ, ಚಿಕ್ಕಪ್ಪಯ್ಯ ನಮ್ಮ ಮನೆ ಬಾಗಿಲಲ್ಲಿ ಕೊಡೆ ಮಡಚುತ್ತಾ ನಿಂತಿದ್ದರು. "ಎಲ್ಲಿ ಕೊಡಬೇಕು ರಕ್ತ? ನಡಿ" ಅಂದರು. ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು. ದೇವರ ಹೆಸರಿರಬೇಕು.

ಇಲ್ಲ ಎಂದು ಬರಲಿ ಎಂದು ನಾನೂ ಬೇಡಿಕೊಂಡಿದ್ದೆ. ಹಾಗಾಗಲಿಲ್ಲ. ಅವರಲ್ಲಿ ಇತ್ತು.

ಕೌನ್ಸೆಲರ್ ಫೋನಿನಲ್ಲಿ ಅವರಿಗೆ ಅರ್ಧ ಗಂಟೆ ವಿವರಿಸಿದರು. ಗಂಡಸರಿಗೂ ಸ್ತನದ, ಪ್ರಾಸ್ಟೇಟಿನ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಹೆಚ್ಚು, ಪರೀಕ್ಷಿಸಿಕೊಳ್ಳುತ್ತಿರಿ ಎಂದರು. ಚಿಕ್ಕಪ್ಪಯ್ಯ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಫೋನ್ ಇಟ್ಟವರು ನನಗೆ ಹೇಳಿದ್ದು ಇಷ್ಟೇ: "ನೀನು ಹೇಳಬೇಡ. ನಾನೇ ಹೇಳ್ತೀನಿ."

ಮೂರು ವಾರ ಕಳೆದು ರಾತ್ರಿ 11 ಗಂಟೆಗೆ ಅವಳ ಫೋನ್ ಬಂತು. "ಅಕ್ಕಾ, ಅಪ್ಪ ಬೆಂಗಳೂರಿಗೆ ಬಂದಿದ್ರು. ಪಾರ್ಕಲ್ಲಿ ಕೂರಿಸ್ಕೊಂಡು ಹೇಳಿದ್ರು." ಅವಳ ದನಿ ನನಗಿಂತ ಗಟ್ಟಿಯಾಗಿತ್ತು. ಹುಡುಗನಿಗೆ ಹೇಳಬೇಕಾ ಎಂದು ಕೇಳಿದಳು. ಅದು ನಿನ್ನ ತೀರ್ಮಾನ, ಯಾರೂ ಒತ್ತಾಯ ಮಾಡುವ ಹಾಗಿಲ್ಲ ಅಂದೆ. ಅವಳು ಹೇಳಿದಳು. ಅವನು ಒಂದು ದಿನ ಯೋಚನೆ ಮಾಡಿ, ಕೌನ್ಸೆಲರ್ ಹತ್ತಿರ ಇಬ್ಬರೂ ಹೋಗೋಣ ಅಂದನಂತೆ. ಮದುವೆ ಡಿಸೆಂಬರಿನಲ್ಲಿ ಆಯಿತು, ಮೊದಲು ಗೊತ್ತು ಮಾಡಿದ ಮುಹೂರ್ತದಲ್ಲೇ. ಧಾರೆ ಎರೆಯುವಾಗ ಚಿಕ್ಕಪ್ಪಯ್ಯನ ಕೈ ನಡುಗುತ್ತಿದ್ದದ್ದನ್ನು ಎಲ್ಲರೂ ಮಗಳನ್ನು ಕಳಿಸಿಕೊಡುವ ಸಂಕಟ ಎಂದುಕೊಂಡರು.

ಅವಳು ಇನ್ನೂ ಪರೀಕ್ಷೆ ಮಾಡಿಸಿಲ್ಲ. ವರ್ಷಕ್ಕೊಮ್ಮೆ ಸ್ತನದ ತಪಾಸಣೆ ಮಾಡಿಸುತ್ತಿದ್ದಾಳೆ. "ಯಾವಾಗ ಅಂತ ನಾನೇ ಹೇಳ್ತೀನಿ ಅಕ್ಕ, ಕೇಳ್ಬೇಡ" ಅಂದಿದ್ದಾಳೆ. ಕೇಳುವುದಿಲ್ಲ. ಕೇಳಬೇಕೆನ್ನಿಸಿದಾಗ ಬೇರೆ ಏನಾದರೂ ಮಾತಾಡುತ್ತೇನೆ.

ಕೌನ್ಸೆಲರ್ ಬರೆದ ಆ ಹಾಳೆಯ ಒಂದು ಪ್ರತಿ ನನ್ನ ಬೀರುವಿನಲ್ಲಿದೆ. ಹೊಸ ಉತ್ತರ ಬಂದಾಗಲೆಲ್ಲ ತೆಗೆದು ಗುರುತು ಹಾಕುತ್ತೇನೆ. ಸಾಗರದ ಕಡೆ ಒಂದು ಚೌಕ, ಅದರ ಕೆಳಗೆ ಎರಡು ವೃತ್ತ, ಎರಡು ವರ್ಷದಿಂದ ಹಾಗೇ ಖಾಲಿ ಇದ್ದವು. ಭಾವನ ಮನೆಗೆ ನಡುವೆ ನಾಲ್ಕು ಸಲ ಹೋಗಿದ್ದೇನೆ, ಗೃಹಪ್ರವೇಶ, ತಿಥಿ, ಹಬ್ಬ ಎಂದು. ಈ ಮಾತು ಎತ್ತಲಿಲ್ಲ. ಹೋದಾಗಲೆಲ್ಲ ಕ್ಯಾಲೆಂಡರಿನ ಕಡೆ ಕಣ್ಣು ಹೋಗುತ್ತಿತ್ತು. ವರ್ಷ ಬದಲಾಗಿ ಹೊಸ ಕ್ಯಾಲೆಂಡರ್ ಬಂದಿತ್ತು. ಪತ್ರದ ಮೂಲೆ ಅದರ ಹಿಂದೆಯೂ ಕಾಣುತ್ತಿತ್ತು.

ಹೋದ ಭಾನುವಾರ ಅವರ ಹೆಂಡತಿ ಫೋನ್ ಮಾಡಿದರು. ದೊಡ್ಡ ಮಗಳಿಗೆ 22 ಆಯಿತು, ಅವಳೇ ಪತ್ರ ಓದಿ ಅಪ್ಪನ ಹತ್ತಿರ ಮಾತಾಡಿದ್ದಾಳೆ ಅಂದರು. ಜಾಸ್ತಿ ಏನೂ ವಿವರಿಸಲಿಲ್ಲ.

"ಬುಧವಾರ ಶಿವಮೊಗ್ಗಕ್ಕೆ ಬರ್ತಾರಂತೆ ಇವರು. ಬೆಳಿಗ್ಗೆ ಹೊಟ್ಟೆಗೆ ಎಂತದೂ ತಿನ್ನದೆ ಬರಬೇಕಾ?"

"ಬೇಡ ಅಕ್ಕ" ಅಂದೆ. "ತಿಂಡಿ ತಿಂದೇ ಬರಲಿ."